ಮೊಣಕೈ ಮೊಕದ್ದಮೆ

ನಮ್ಮ ನಾಡಿನ ಬಸ್ಸುಗಳೊಳಗೆ ಕಿಟಕಿಗಳ ಮೇಲುಗಡೆ ಬರೆದಿರುವ, ಕೈಯನ್ನಾಗಲಿ ತಲೆಯನ್ನಾಗಲಿ ಹೊರಗೆ ಚಾಚಬೇಡಿರೆಂಬ ಉಪದೇಶವನ್ನು ಓದದ ಅಕ್ಷರಸ್ಥನು ಇರಲಾರನು. ಓದಿದವರಲ್ಲಿ ಅದನ್ನು ಪ್ರಮಾಣವಾಕ್ಯವೆಂದು ಸ್ವೀಕರಿಸಿ, ವೈಶಾಖದ ಸೆಕೆಯಲ್ಲಿಯೂ ಎರಡು ಕೈಗಳನ್ನು ತೊಡೆಯ ಮೇಲಿರಿಸಿಕೊಂಡು ಕುಳಿತವನನ್ನು ನಾನಂತೂ ಕಂಡಿಲ್ಲ. ಟಿಕೆಟು ಕೇಳಿ ಪಡೆಯುವ, ಧೂಮಪಾನವನ್ನು ವರ್ಜಿಸುವ, ಚಿಲ್ಲರೆ ಕೊಟ್ಟು ಸಹಕರಿಸುವ ಇತ್ಯಾದಿ ಸದ್ವಿಧಿಗಳ ಸಾಲಿನಲ್ಲಿ ಅದೂ ಒಂದೆಂದು ಭಾವಿಸಿ, ಬಣ್ಣ ಮಾಸಿದ ಆ ಅಕ್ಷರಗಳನ್ನು ಅರ್ಧ ಆಯುಷ್ಯದವರೆಗೆ ನಿರ್ಲಿಪ್ತನಾಗಿ ನೋಡುತ್ತ ಬಂದಿದ್ದ ನನಗೆ, ಅವೇ ಅಕ್ಷರಗಳು ಒಂದು ದಿನ ನ್ಯಾಯಾಲಯದಲ್ಲಿ ಪ್ರತಿಕೂಲ ಸಾಕ್ಷ್ಯವಾಗಿ ಎದ್ದುನಿಂತಾವೆಂಬ ಕಲ್ಪನೆ ಹೇಗೆ ತಾನೆ ಬಂದೀತು?

1991ನೆಯ ಇಸವಿಯ ಬೇಸಗೆಯಲ್ಲಿ ತಿಪಟೂರಿನಿಂದ ಅರಸೀಕೆರೆಯ ಕಡೆಗೆ ಹೋಗುತ್ತಿದ್ದ ಸರ್ಕಾರಿ ಬಸ್ಸೊಂದರಲ್ಲಿ ನಾನು ಬಲಭಾಗದ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆ. ಬೆಂಗಳೂರು-ಹೊನ್ನಾವರ ರಸ್ತೆಯೆಂದು ಪ್ರಸಿದ್ಧವಾದ ಆ ಹೆದ್ದಾರಿ ಈಗಿನಂತೆ ವಿಸ್ತಾರವಾಗಿರಲಿಲ್ಲ. ಎದುರುಬದುರು ಬಂದ ಎರಡು ದೊಡ್ಡ ವಾಹನಗಳ ಪೈಕಿ ಒಂದಾದರೂ ಮಣ್ಣಿಗೆ ಇಳಿಯುವ ಸೌಜನ್ಯವನ್ನು ತೋರದಿದ್ದರೆ ಮೋರಿಗಳ ಬಳಿ ಸಂಕಟವು ತಪ್ಪುತ್ತಿರಲಿಲ್ಲ. ಅಂದು ಅಂಥದೊಂದು ಮೋರಿಯ ಮೇಲೆ ನಮ್ಮ ಬಸ್ಸಿಗೂ ಎದುರಿನಿಂದ ಬಂದ ಖಾಸಗಿ ಬಸ್ಸೊಂದಕ್ಕೂ ಭೇಟಿಯಾಯಿತು. ಚಾಲಕರಿಬ್ಬರೂ ಸ್ವಾಭಿಮಾನಿಗಳು. ಬಸ್ಸುಗಳು ಡಿಕ್ಕಿ ಹೊಡೆಯಲಿಲ್ಲ, ಮಗುಚಿಕೊಳ್ಳಲಿಲ್ಲ, ಗಾಜು ಸಹ ಒಡೆಯಲಿಲ್ಲ. ಒಂದರ ಮೈಯನ್ನು ಮತ್ತೊಂದು ಉಜ್ಜಿಕೊಂಡು ಹೋಯಿತು, ಅಷ್ಟೆ. ನಡುವೆ ಸಿಕ್ಕಿದುದು ಅಡ್ಡಸರಳು ಕಳಚಿಹೋಗಿದ್ದ ಕಿಟಕಿಯ ಅಂಚಿನ ಮೇಲೆ ಊರಿದ್ದ ನನ್ನ ಬಲ ಮೊಣಕೈ, ಮತ್ತು ನನ್ನ ಹಿಂದಿನ ಆಸನದಲ್ಲಿ ಅದೇ ಭಂಗಿಯಲ್ಲಿ ಕುಳಿತಿದ್ದ ಇನ್ನೊಬ್ಬನ ಬಲ ಮೊಣಕೈ.

ಆ ಇನ್ನೊಬ್ಬನ ಹೆಸರನ್ನು ಇಲ್ಲಿ ಬರೆಯಲಾರೆ. ಆತ ತಿಪಟೂರು ಸೀಮೆಯ ಒಂದು ಹಳ್ಳಿಯವನು, ತೆಂಗಿನಕಾಯಿ ಸುಲಿದು ಕೊಬ್ಬರಿ ತೆಗೆಯುವ ಕೆಲಸದವನು. ಆ ಸೀಮೆಯ ಉಂಡೆಕೊಬ್ಬರಿಯನ್ನು ತಿಂದವರೆಲ್ಲರೂ ಅದರ ಸಂಸ್ಕಾರವನ್ನು ಬಲ್ಲವರಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಾಕಿ, ಹೆಚ್ಚುಕಡಿಮೆ ವರ್ಷಕಾಲ ಹಾಗೆಯೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡನೆ ಶಬ್ದವಾಗುವ ಹೊತ್ತಿಗೆ ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಒತ್ತಿ ತಿರುಚಿ ಸಿಪ್ಪೆಯನ್ನು ಬಿಡಿಸಿ, ಅನಂತರ ಮಚ್ಚಿನಿಂದ ಕರಟವನ್ನು ಮಾತ್ರ ಒಡೆದು, ಒಳಗಿನ ಗಿಟುಕಿಗೆ ಗೀರೂ ಬೀಳದಂತೆ ಇಡಿಯಾಗಿ ಹೊರತೆಗೆಯಬೇಕು. ಗಾಯಗೊಂಡ ಗಿಟುಕಿಗೆ ಬೆಲೆ ಬೀಳುತ್ತದೆ. ಸಿಪ್ಪೆ ಸುಲಿಯುವುದಕ್ಕೆ ಬೇಕಾದುದು ಮೊಣಕೈಯ ಬಲ; ಕರಟ ಬಿಡಿಸುವುದಕ್ಕೆ ಬೇಕಾದುದು ಅದೇ ಮೊಣಕೈಯ ಹದ. ಆ ಹದ ಪುಸ್ತಕದಿಂದಾಗಲಿ ಉಪದೇಶದಿಂದಾಗಲಿ ಬರತಕ್ಕದ್ದಲ್ಲ. ಆತನಿಗೆ ಅದು ತಂದೆಯಿಂದ ಬಂದಿತ್ತು.

ತಾಲ್ಲೂಕು ಆಸ್ಪತ್ರೆಯವರೆಗೆ ನಾವಿಬ್ಬರೂ ಒಂದೇ ವ್ಯಾನಿನಲ್ಲಿ ಹೋದೆವು. ಅಲ್ಲಿಂದ ಮುಂದೆ ನಮ್ಮ ದಾರಿಗಳು ಬೇರೆಯಾದವು. ಪ್ರೌಢಶಾಲೆಯ ಕನ್ನಡ ಪಂಡಿತನಾದ ನನಗೆ ಸಂಬಳದ ಆಧಾರವೂ, ಬೆಂಗಳೂರಿನಲ್ಲಿ ಬಾವಮೈದುನನ ಮನೆಯೂ ಇದ್ದುದರಿಂದ ಖಾಸಗಿ ಆಸ್ಪತ್ರೆಯೊಂದರಲ್ಲಿ ನುಚ್ಚಾದ ಮೂಳೆಗೆ ತಂತಿ ಬಿಗಿದು ಕೂಡಿಸಿದರು. ಕೆಲವು ತಿಂಗಳ ಅನಂತರ ಮರಗಟ್ಟಿದ ಕೀಲನ್ನು ಸಡಿಲಿಸುವುದಕ್ಕಾಗಿ ಎರಡನೆಯ ಬಾರಿ ಶಸ್ತ್ರಚಿಕಿತ್ಸೆ ಮಾಡಿದರು. ಆತನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲನೆಯದು ಆಯಿತು, ಎರಡನೆಯದು ಆಗಲಿಲ್ಲ. ಮತ್ತೆ ಬರಹೇಳಿದ್ದರಂತೆ; ಅಷ್ಟರಲ್ಲಿ ಕೈಯಲ್ಲಿದ್ದ ಕಾಸು ಮುಗಿದು, ಮನೆಯವರು ನಾಟಿವೈದ್ಯನ ಎಣ್ಣೆಕಟ್ಟಿಗೆ ಶರಣಾಗಿದ್ದರು.

ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವನ ಬಳಿಗೆ ವೈದ್ಯರಿಗಿಂತ ಮುಂಚಿತವಾಗಿ ವಕಾಲತ್ತುನಾಮೆಯೇ ಬರುವುದುಂಟೆಂದು ಕೇಳಿದ್ದೆ. ಅದನ್ನು ಕಣ್ಣಾರೆ ಕಂಡೆ. ಹಣ್ಣಿನ ಚೀಲವನ್ನು ಹಿಡಿದು ಅತ್ಯಂತ ವಿನಯದಿಂದ ಬಂದ ಮನುಷ್ಯನೊಬ್ಬನು, ತಾನು ಇಂಥ ವಕೀಲರ ಕಡೆಯವನೆಂದೂ, ಖರ್ಚೆಲ್ಲ ಅವರದೇ ಎಂದೂ, ಬಂದುದರಲ್ಲಿ ಮೂರರಲ್ಲೊಂದು ಪಾಲು ಕೊಟ್ಟರೆ ಸಾಕೆಂದೂ ಹೇಳಿ, ಎಡಗೈಯ ಹೆಬ್ಬೆಟ್ಟಾದರೂ ಆದೀತೆಂದು ಕಾಗದವನ್ನು ಮುಂದೆ ಹಿಡಿದನು. ನನ್ನ ಬಾವಮೈದುನನೇ ವಕೀಲನಾಗಿದ್ದುದರಿಂದ ನಾನು ಆತನ ಕಿತ್ತಲೆಹಣ್ಣನ್ನು ಮಾತ್ರ ಸ್ವೀಕರಿಸಿದೆ.

ಪರಿಹಾರವೆಂಬುದು ದಾನವಲ್ಲ, ಋಣವೆಂಬ ತತ್ತ್ವವನ್ನು ನನಗೆ ತಿಳಿಯಹೇಳಿದವನೂ ಆ ಬಾವಮೈದುನನೇ. ಹಿಂದೆ ರಸ್ತೆಯಲ್ಲಿ ಕೈಕಾಲು ಕಳೆದುಕೊಂಡವನು ಸಿವಿಲ್ ದಾವೆಯನ್ನು ಹೂಡಿ, ಕೇಳಿದ ಮೊತ್ತಕ್ಕೆ ತಕ್ಕ ನ್ಯಾಯಾಲಯದ ಶುಲ್ಕವನ್ನು ಮೊದಲೇ ತೆತ್ತು, ವರ್ಷಾನುಗಟ್ಟಲೆ ಕಾಯಬೇಕಾಗಿತ್ತು. 1939ರ ಮೋಟಾರು ವಾಹನಗಳ ಕಾಯಿದೆಗೆ 1956ರಲ್ಲಿ ತಂದ ತಿದ್ದುಪಡಿಯ ಮೂಲಕ ಇದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸಲು ಅವಕಾಶವಾಯಿತು. 1982ರಲ್ಲಿ ಇನ್ನೊಂದು ಔದಾರ್ಯವು ಕೂಡಿಕೊಂಡಿತು: ತಪ್ಪು ಯಾರದೆಂಬುದನ್ನು ವಿಚಾರಿಸದೆಯೇ ಕೊಡತಕ್ಕ ಒಂದು ನಿಶ್ಚಿತ ಮೊತ್ತ. ನಮ್ಮ ಅಪಘಾತವಾಗುವ ಹೊತ್ತಿಗೆ 1988ರ ಹೊಸ ಕಾಯಿದೆ ಜಾರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಅದರ 140ನೆಯ ಕಲಮಿನ ಪ್ರಕಾರ ಶಾಶ್ವತವಾಗಿ ಅಂಗ ಊನವಾದವನಿಗೆ 12,000 ರೂಪಾಯಿ, ಸತ್ತವನ ವಾರಸುದಾರರಿಗೆ 25,000 ರೂಪಾಯಿ ಮಧ್ಯಂತರವಾಗಿ ದೊರೆಯಬೇಕಾಗಿತ್ತು. ಉಳಿದುದನ್ನು 166ನೆಯ ಕಲಮಿನ ಮೇರೆಗೆ, ಚಾಲಕನ ನಿರ್ಲಕ್ಷ್ಯವನ್ನು ಸಿದ್ಧಪಡಿಸಿ ಪಡೆಯತಕ್ಕದ್ದು. ಅರ್ಜಿಗೆ ಆಗ ಇದ್ದ ಅವಧಿ ಆರು ತಿಂಗಳು. ತಕ್ಕ ಕಾರಣವನ್ನು ತೋರಿಸಿದರೆ ನ್ಯಾಯಮಂಡಳಿಯು ಹನ್ನೆರಡು ತಿಂಗಳವರೆಗೆ ಮನ್ನಿಸಬಹುದಾಗಿತ್ತು. ಅಲ್ಲಿಂದಾಚೆಗೆ ಬಾಗಿಲು ಮುಚ್ಚಿದಂತೆಯೇ.

ಈ ಅವಧಿಯ ವಿಚಾರವೇನೂ ಕಾಯಿ ಸುಲಿಯುವವನಿಗೆ ಗೊತ್ತಿರಲಿಲ್ಲ. ನನ್ನ ಅರ್ಜಿ ದಾಖಲಾದ ಬಹುಕಾಲದ ಮೇಲೆ ತಿಪಟೂರಿನ ಮಾರುಕಟ್ಟೆಯಲ್ಲಿ ಅಕಸ್ಮಾತ್ತಾಗಿ ಕಂಡ ಆತನು, ಕೊಬ್ಬರಿ ಮಂಡಿಯೊಂದರ ಮುಂದೆ ಚೀಲಗಳಿಗೆ ಕಾವಲು ಕುಳಿತಿದ್ದನು. ಬಲಗೈ ಅರ್ಧಕ್ಕೆ ಮಡಿಚಿ ಹಾಗೆಯೇ ನಿಂತುಬಿಟ್ಟಿತ್ತು. 'ಕೇಸು ಹಾಕಿದೆಯೇನಪ್ಪ?' ಎಂದು ಕೇಳಿದ್ದಕ್ಕೆ, 'ಪೊಲೀಸ್ನೋರು ಬರ್ಕೊಂಡ್ರಲ್ಲ ಮೇಷ್ಟ್ರೇ, ಅದೇ ಕೇಸಲ್ವಾ?' ಎಂದನು. ಪೊಲೀಸರು ಬರೆದುಕೊಂಡ ಮೊಕದ್ದಮೆಯು ಚಾಲಕನಿಗೆ ಶಿಕ್ಷೆ ವಿಧಿಸುವುದಕ್ಕೆಂದೂ, ಗಾಯಗೊಂಡವನಿಗೆ ಹಣ ಬರಬೇಕಾದರೆ ಅವನೇ ಬೇರೊಂದು ಅರ್ಜಿಯನ್ನು ಕೊಡಬೇಕೆಂದೂ ನಮ್ಮ ಜನರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಠಾಣೆಯಲ್ಲಿ ಯಾರೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಹೇಳುವವನು ಕಿತ್ತಲೆಹಣ್ಣಿನವನೊಬ್ಬನೇ. ಆರು ತಿಂಗಳು ಆಗಲೇ ಮೀರಿತ್ತು, ಹನ್ನೆರಡು ತುಂಬಿರಲಿಲ್ಲ. ಅದೇ ವಾರದಲ್ಲಿ ಆತನಿಂದ ವಿಳಂಬಮನ್ನಣೆಯ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಅರ್ಜಿಯನ್ನು ಕೊಡಿಸಿದೆವು. ಒಂದೇ ಅಪಘಾತದಿಂದ ಹುಟ್ಟಿದವುಗಳಾದ್ದರಿಂದ ಎರಡು ಮೊಕದ್ದಮೆಗಳನ್ನೂ ಒಟ್ಟುಗೂಡಿಸಿ ವಿಚಾರಣೆ ಮಾಡುವುದೆಂದು ಆಜ್ಞೆಯಾಯಿತು.

ಮುಂದಿನ ವರ್ಷಗಳನ್ನು ವಿವರಿಸಿ ಓದುಗರಿಗೆ ಬೇಸರವನ್ನುಂಟುಮಾಡುವುದಿಲ್ಲ. ವಾಯಿದೆ ಎಂಬುದರ ರುಚಿ ಕಂಡವರಿಗೆ ಅದು ಬೇಕಿಲ್ಲ. ಕಾಣದವರಿಗೆ ಹೇಳಿ ಫಲವಿಲ್ಲ. ಜವಾನನು ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುವುದು, ಒಳಗೆ ಹೋದೊಡನೆ ಎದುರು ಪಕ್ಷದ ವಕೀಲರು ಬೇರೆ ನ್ಯಾಯಾಲಯದಲ್ಲಿದ್ದಾರೆಂದು ಮುಂದಿನ ತಾರೀಖು ಬೀಳುವುದು, ಮತ್ತೆ ಹೊರಗೆ ಬಂದು ಹೊಂಗೆಯ ಮರದ ನೆರಳಿನಲ್ಲಿ ಕುಳಿತು ಆತನೊಡನೆ ಬುತ್ತಿಯನ್ನು ಹಂಚಿಕೊಳ್ಳುವುದು. ಎಡಗೈಯಿಂದ ಉಣ್ಣಬಾರದೆಂಬ ಸಂಸ್ಕಾರದವನಾದ ಆತನು, ಬಾಯಿಯವರೆಗೆ ಏರದ ಬಲಗೈಯ ಬಳಿಗೆ ಬಾಯಿಯನ್ನೇ ಬಗ್ಗಿಸಿ ಮುದ್ದೆಯನ್ನು ನುಂಗುತ್ತಿದ್ದುದನ್ನು ನೋಡಿ ನಾನು ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದೆ.

ಎದುರುದಾರರು ಮೂವರು: ಸಾರಿಗೆ ಸಂಸ್ಥೆ, ಖಾಸಗಿ ಬಸ್ಸಿನ ಮಾಲೀಕ, ಆ ಬಸ್ಸಿನ ವಿಮಾ ಕಂಪನಿ. ಸರ್ಕಾರಿ ಸಾರಿಗೆ ಸಂಸ್ಥೆಗಳು ತಮ್ಮದೇ ನಿಧಿಯನ್ನು ಇರಿಸಿಕೊಂಡಲ್ಲಿ ವಿಮೆಯ ಕಡ್ಡಾಯದಿಂದ ಅವುಗಳಿಗೆ ವಿನಾಯಿತಿ ದೊರೆಯುವಂತೆ ಕಾಯಿದೆಯಲ್ಲಿಯೇ ಅವಕಾಶವಿರುವುದರಿಂದ ನಮ್ಮ ಬಸ್ಸಿಗೆ ವಿಮಾ ಕಂಪನಿಯ ಹಂಗಿರಲಿಲ್ಲ. ಸಾರಿಗೆ ಸಂಸ್ಥೆಯು ತನ್ನ ತಕರಾರಿನಲ್ಲಿ ಖಾಸಗಿ ಬಸ್ಸಿನ ಚಾಲಕನೇ ಅಪರಾಧಿಯೆಂದಿತು. ವಿಮಾ ಕಂಪನಿಯು ಸರ್ಕಾರಿ ಚಾಲಕನೇ ಅಪರಾಧಿಯೆಂದಿತು. ಪರಸ್ಪರ ಇಷ್ಟೊಂದು ವಿರೋಧವಿದ್ದ ಈ ಉಭಯರೂ ಒಂದು ವಿಷಯದಲ್ಲಿ ಮಾತ್ರ ಏಕಕಂಠರಾಗಿದ್ದರು: ಅಪರಾಧವು ಮುಖ್ಯವಾಗಿ ಮೊಣಕೈಗಳದು. ಬಸ್ಸಿನಲ್ಲಿ ಸ್ಪಷ್ಟವಾದ ಎಚ್ಚರಿಕೆಯನ್ನು ಬರೆದಿದ್ದರೂ ಅದನ್ನು ಉಲ್ಲಂಘಿಸಿ ಕೈಚಾಚಿದ ಅರ್ಜಿದಾರರು ತಮ್ಮ ಗಾಯಕ್ಕೆ ತಾವೇ ಹೊಣೆಗಾರರು ಎಂಬುದಾಗಿ ಇಬ್ಬರ ಲಿಖಿತ ಹೇಳಿಕೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಮಾತು ಇತ್ತು.

ಪಾಟೀಸವಾಲಿನಲ್ಲಿ ನನ್ನನ್ನು, 'ನೀವು ಕನ್ನಡ ಪಂಡಿತರು, ಆ ಬರಹವನ್ನು ಓದಿ ಅರ್ಥಮಾಡಿಕೊಳ್ಳಬಲ್ಲಿರಿ ತಾನೆ?' ಎಂದು ಕೇಳಿದರು. ಬಲ್ಲೆನೆಂದೆ. ಹಿಂದಿನ ಆಸನದವನನ್ನು ಕೇಳಿದಾಗ ಆತನು, ತನಗೆ ಅಕ್ಷರ ಬಾರದೆಂದೂ, ಬಂದಿದ್ದರೂ ತಾನು ಕುಳಿತಿದ್ದ ಕಡೆ ಆ ಬರಹದ ಮೇಲೆ ಸಿನಿಮಾದ ಚೀಟಿಯನ್ನು ಅಂಟಿಸಿದ್ದರೆಂದೂ ಹೇಳಿ ನ್ಯಾಯಾಧೀಶರ ಮುಖದಲ್ಲಿಯೂ ನಗೆ ಮೂಡುವಂತೆ ಮಾಡಿದನು. ಮೊಣಕೈಗಳ ಮಾನವನ್ನು ಉಳಿಸಿದುದು ನನ್ನ ಬಾವಮೈದುನನು ಹುಡುಕಿ ತಂದ, 1970ರ ದಶಕದಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಕೊಟ್ಟಿದ್ದ ಒಂದು ತೀರ್ಪು. ಬಸ್ಸಿನ ಕಿಟಕಿಯ ಮೇಲೆ ಮೊಣಕೈ ಊರಿ ಕುಳಿತುಕೊಳ್ಳುವುದು ಪ್ರಯಾಣಿಕರ ಸಾಮಾನ್ಯ ಅಭ್ಯಾಸವಾಗಿರುವುದರಿಂದ, ಎದುರಿನ ವಾಹನವನ್ನು ದಾಟುವಾಗ ಅದನ್ನು ಗಮನದಲ್ಲಿರಿಸಿಕೊಂಡು ಸಾಕಷ್ಟು ಅಂತರವನ್ನು ಬಿಡುವುದು ಚಾಲಕನ ಕರ್ತವ್ಯವೆಂಬುದು ಅದರ ಸಾರಾಂಶ. ಮನುಷ್ಯರು ಹೇಗೆ ಕುಳಿತುಕೊಳ್ಳಬೇಕೆಂಬುದನ್ನು ಬಿಟ್ಟು, ಹೇಗೆ ಕುಳಿತುಕೊಳ್ಳುತ್ತಾರೆಂಬುದನ್ನು ನೋಡಿ ತೀರ್ಮಾನಿಸಿದ ಆ ನ್ಯಾಯಾಧೀಶರು ಬಸ್ಸಿನಲ್ಲಿ ಪ್ರಯಾಣ ಮಾಡಿದವರೇ ಇರಬೇಕೆಂದು ನಾನು ಅಂದುಕೊಂಡೆ. ನಮ್ಮ ನ್ಯಾಯಮಂಡಳಿಯು ಅದನ್ನು ಒಪ್ಪಿ, ಮೊಣಕೈಗಳನ್ನು ದೋಷಮುಕ್ತಗೊಳಿಸಿ, ಇಬ್ಬರು ಚಾಲಕರ ನಿರ್ಲಕ್ಷ್ಯವನ್ನೂ ಸಮಭಾಗವೆಂದು ನಿರ್ಣಯಿಸಿತು.

ಇಲ್ಲಿಯವರೆಗೆ ನ್ಯಾಯದೇವತೆಯ ಬಗ್ಗೆ ನನಗೆ ಆಕ್ಷೇಪವಿಲ್ಲ. ನನ್ನ ಆಕ್ಷೇಪವು ಇರುವುದು ತಕ್ಕಡಿಯನ್ನು ಎತ್ತಿ ತೂಗಿದ ಮೇಲಿನ ಲೆಕ್ಕದಲ್ಲಿ.

ವೈದ್ಯರು ಕೋನಮಾಪಕದಿಂದ ನಮ್ಮ ಕೈಗಳನ್ನು ಅಳೆದರು. ನನ್ನ ತೋಳಿಗೆ ಶೇಕಡ 25, ಆತನ ತೋಳಿಗೆ ಶೇಕಡ 30 ಊನವೆಂದು ಪ್ರಮಾಣಪತ್ರ ಬಂತು. ನನಗೆ ಚಿಕಿತ್ಸೆ ಮಾಡಿದ ವೈದ್ಯರೇ ಬಂದು ಸಾಕ್ಷಿ ನುಡಿದರು. ಆತನಿಗೆ ಚಿಕಿತ್ಸೆ ಮಾಡಿದ ಸರ್ಕಾರಿ ವೈದ್ಯರು ಎಲ್ಲಿಗೋ ವರ್ಗವಾಗಿ ಹೋಗಿದ್ದುದರಿಂದ ಬೇರೊಬ್ಬರನ್ನು ಕರೆಸಬೇಕಾಯಿತು, ಮತ್ತು 'ತಾವು ಈತನಿಗೆ ಚಿಕಿತ್ಸೆ ಮಾಡಿದವರಲ್ಲ ತಾನೆ?' ಎಂಬ ಒಂದೇ ಪ್ರಶ್ನೆಯಿಂದ ಆ ಸಾಕ್ಷ್ಯದ ಅರ್ಧ ಬಲವು ಕುಂದಿಹೋಯಿತು. ನನ್ನ ಕೈಚೀಲದಲ್ಲಿ ಔಷಧದಂಗಡಿಯ ಚೀಟಿಗಳಿಂದ ಹಿಡಿದು ರಜೆಯ ಆದೇಶದವರೆಗೆ ಎಲ್ಲವೂ ಕ್ರಮವಾಗಿ ಇದ್ದುವು. ಅವೆಲ್ಲ ನಿಶಾನೆಯ ಸಂಖ್ಯೆಗಳನ್ನು ಧರಿಸಿ ದಾಖಲೆಗಳಾದುವು. ಆತನ ಬಳಿ ಇದ್ದುದು ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಒಂದು ಹಳದಿ ಚೀಟಿ, ಮತ್ತು ಆಶ್ಚರ್ಯಕರವಾಗಿ ಬಸ್ಸಿನ ಟಿಕೆಟು.

'ದಿನಕ್ಕೆ ಎಷ್ಟು ಕಾಯಿ ಸುಲಿಯುತ್ತಿದ್ದೆ?' ಎಂದು ವಿಮಾ ಕಂಪನಿಯ ವಕೀಲರು ಕೇಳಿದರು. ಆತ ಹೇಳಿದನು. 'ಕೂಲಿ ಹೇಗೆ?' ಸಾವಿರಕ್ಕೆ ಇಷ್ಟೆಂದು ಹೇಳಿದನು. 'ಅದಕ್ಕೆ ರಸೀದಿ ಇದೆಯೆ?' 'ರಸೀತಿ ಯಾರ್ ಕೊಟ್ಟಾರು ಸ್ವಾಮಿ? ಕಾಯಿ ಎಣಿಸ್ತಾರೆ, ದುಡ್ಡು ಎಣಿಸ್ತಾರೆ.' 'ಅಂದರೆ ನಿನ್ನ ವರಮಾನಕ್ಕೆ ದಾಖಲೆ ಇಲ್ಲ.' ಆತನು ಈ ವಾಕ್ಯಕ್ಕೆ ಉತ್ತರವನ್ನು ಕೊಡದೆ ತನ್ನ ಕೈಯನ್ನು ನೋಡಿಕೊಂಡನು. ವರ್ಷಗಟ್ಟಲೆ ಆತನಿಂದ ಕೆಲಸ ಮಾಡಿಸಿಕೊಂಡಿದ್ದ ಮಂಡಿಯ ಯಜಮಾನರನ್ನು ಸಾಕ್ಷಿಗೆ ಬರಬೇಕೆಂದು ನಾನೇ ಹೋಗಿ ಬೇಡಿಕೊಂಡಿದ್ದೆ; ಕಟಕಟೆಯಲ್ಲಿ ನಿಂತು ಕೂಲಿಯ ಲೆಕ್ಕವನ್ನು ಹೇಳಿದರೆ ಉಳಿದ ಲೆಕ್ಕಗಳನ್ನೂ ಯಾರಾದರೂ ಕೇಳಿಯಾರೆಂಬ ಭಯದಿಂದ ಅವರು ಬರಲಿಲ್ಲ.

1995ರಲ್ಲಿ ತೀರ್ಪು ಬಂತು. ನನಗೆ ನೋವು ಮತ್ತು ಯಾತನೆಗೆ 15,000, ವೈದ್ಯಕೀಯ ವೆಚ್ಚಕ್ಕೆ 14,000, ಪ್ರಯಾಣ ಮತ್ತು ಉಪಚಾರಕ್ಕೆ 3,000, ಕಳೆದ ರಜೆಗೆ 6,000, ಜೀವನಸೌಖ್ಯದ ನಷ್ಟಕ್ಕೆ 10,000. ಒಟ್ಟು 48,000 ರೂಪಾಯಿ. ಸಂಬಳವು ಕಡಿಮೆಯಾಗಿಲ್ಲವಾದ ಕಾರಣ ಭವಿಷ್ಯದ ವರಮಾನದ ನಷ್ಟವೇನೂ ಇಲ್ಲವೆಂದು ಹೇಳಿದ್ದರು; ಅದು ಸರಿಯಾದ ಮಾತು. ಕರಿಹಲಗೆಯ ಮೇಲ್ಭಾಗಕ್ಕೆ ನನ್ನ ಕೈ ಏರುತ್ತಿರಲಿಲ್ಲವೆಂಬುದು ನಿಜ, ಆದರೆ ಕೆಳಭಾಗದಲ್ಲಿ ಬರೆದರೂ ಸರ್ಕಾರವು ಪೂರ್ತಿ ಸಂಬಳವನ್ನೇ ಕೊಡುತ್ತಿತ್ತು.

ಆತನ ಲೆಕ್ಕವು ಹೀಗೆ: ದಾಖಲೆ ಇಲ್ಲದ್ದರಿಂದ ವರಮಾನವು ತಿಂಗಳಿಗೆ 600 ರೂಪಾಯಿಯೆಂದು ಅಂದಾಜು; ಹಂಗಾಮಿನಲ್ಲಿ ಆತನು ಅದರ ಎರಡರಷ್ಟನ್ನು ಗಳಿಸುತ್ತಿದ್ದನೆಂಬುದನ್ನು ಬಲ್ಲವರು ಕಟಕಟೆಗೆ ಬಂದಿರಲಿಲ್ಲ. ತೋಳಿನ ಊನವು ಶೇಕಡ 30. ಒಂದು ಅಂಗದ ಊನದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ಪರಿಗಣಿಸುವ ರೂಢಿಗೆ ಅನುಸಾರವಾಗಿ ದೇಹದ ಊನವು ಶೇಕಡ 10. ಆದಕಾರಣ ನಷ್ಟವು ತಿಂಗಳಿಗೆ 60 ರೂಪಾಯಿ. ವಯಸ್ಸು ನಲವತ್ತೆರಡಾದ್ದರಿಂದ, 1994ರಲ್ಲಿ ಆಗತಾನೆ ಕಾಯಿದೆಗೆ ಸೇರಿದ್ದ ಎರಡನೆಯ ಅನುಸೂಚಿಯ ಪ್ರಕಾರ ಗುಣಕವು 15. ಹನ್ನೆರಡು ತಿಂಗಳಿಂದ ಗುಣಿಸಿ, ಹದಿನೈದರಿಂದ ಗುಣಿಸಿದರೆ 10,800. ಅದಕ್ಕೆ ನೋವಿಗೆಂದು 10,000, ಔಷಧಕ್ಕೆ 2,000, ಚಿಕಿತ್ಸೆಯ ಕಾಲದ ಮೂರು ತಿಂಗಳ ಕೂಲಿ 1,800, ಸೌಖ್ಯನಷ್ಟಕ್ಕೆ 5,000 ಸೇರಿ ಒಟ್ಟು 29,600 ರೂಪಾಯಿ. ಮೊದಲೇ ಕೊಟ್ಟಿದ್ದ ಮಧ್ಯಂತರ ಪರಿಹಾರವನ್ನು ಇಬ್ಬರಿಗೂ ಇದರಲ್ಲಿ ವಜಾ ಮಾಡತಕ್ಕದ್ದು; ಉಳಿದುದಕ್ಕೆ ಶೇಕಡ 6ರಂತೆ ಬಡ್ಡಿ.

ಗಣಿತದಲ್ಲಿ ಎಲ್ಲಿಯೂ ತಪ್ಪಿಲ್ಲ. ಆದರೆ ಫಲವನ್ನು ನೋಡಿ. ಕಸುಬನ್ನು ಕಳೆದುಕೊಳ್ಳದ ನನಗೆ ಹೆಚ್ಚು ಬಂದಿತು. ಕಸುಬನ್ನೇ ಕಳೆದುಕೊಂಡವನಿಗೆ, ಅವನು ಹತ್ತರಲ್ಲಿ ಒಂದು ಪಾಲು ಮಾತ್ರ ಅಶಕ್ತನಾದನೆಂದು ಹೇಳಿ, ಕಡಮೆ ಬಂದಿತು. ಹತ್ತರಲ್ಲಿ ಒಂಬತ್ತು ಪಾಲು ಮೊಣಕೈಯಿಂದ ಕಾಯಿ ಸುಲಿಯುವ ವಿದ್ಯೆ ಲೋಕದಲ್ಲಿ ಎಲ್ಲಿದೆ? ಆ ಮೊನೆಯ ಮುಂದೆ ಅರ್ಧ ಬಾಗದ ಕೈಯೂ ಇಲ್ಲದ ಕೈಯೂ ಒಂದೇ. ನೋವಿನಲ್ಲಿಯೂ ನನ್ನದು ಐದು ಸಾವಿರ ಹೆಚ್ಚೆಂದು ಎಣಿಸಿದುದಕ್ಕೆ ಕಾರಣವು ನನಗೆ ಎರಡು ಶಸ್ತ್ರಚಿಕಿತ್ಸೆಗಳಾದುದು. ಆ ಎರಡನೆಯದನ್ನು ಮಾಡಿಸಿಕೊಳ್ಳಲಾರದ ದಾರಿದ್ರ್ಯದ ನೋವಿಗೆ ಅನುಸೂಚಿಯಲ್ಲಿ ಅಂಕಣವಿರಲಿಲ್ಲ. ನ್ಯಾಯಾಧೀಶರು ನಿರ್ದಯರಲ್ಲ, ಮುಂದೆ ಇರಿಸಿದ ಕಾಗದಗಳನ್ನು ಅವರು ತೂಗಿದರು, ಮತ್ತು ಕಾಗದಗಳೆಲ್ಲ ನನ್ನ ಕಡೆಗಿದ್ದುವು.

ಇನ್ನೊಂದು ಷರತ್ತೂ ಇತ್ತು. ಕೇರಳದ ಸಾರಿಗೆ ಸಂಸ್ಥೆಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಕ್ಷರಜ್ಞಾನವಿಲ್ಲದವರಿಗೆ ಬಂದ ಪರಿಹಾರವು ವಂಚಕರ ಪಾಲಾಗದಂತೆ ಅದನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇರಿಸಬೇಕೆಂಬ ಮಾರ್ಗದರ್ಶನವನ್ನು ಆ ಕಾಲಕ್ಕೆ ಕೊಟ್ಟಿತ್ತು. ಉದ್ದೇಶವು ಸಾಧುವಾದುದೇ. ಅದರಂತೆ ಪಂಡಿತನಾದ ನನ್ನ ಹಣವು ನನ್ನ ಕೈಗೇ ಬರತಕ್ಕದ್ದೆಂದೂ, ಆತನದರಲ್ಲಿ ಅರ್ಧವು ಮೂರು ವರ್ಷಕಾಲ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಇರತಕ್ಕದ್ದೆಂದೂ ಆಜ್ಞೆಯಾಯಿತು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ ತೆರುತ್ತಿದ್ದ ಆತನಿಗೆ, ತನ್ನದೇ ಹಣವು ಅದಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಬ್ಯಾಂಕಿನಲ್ಲಿ ವಿಶ್ರಮಿಸುತ್ತಿರುವುದರ ಪ್ರಯೋಜನವನ್ನು ನಾನು ಎಷ್ಟು ವಿವರಿಸಿದರೂ ಮನವರಿಕೆ ಮಾಡಿಕೊಡಲಾಗಲಿಲ್ಲ.

ವಿಮಾ ಕಂಪನಿಯು ತನ್ನ ಅರ್ಧವನ್ನು ಕೆಲವು ತಿಂಗಳಲ್ಲಿ ಕಟ್ಟಿತು. ಸಾರಿಗೆ ಸಂಸ್ಥೆಯ ಅರ್ಧ ಬರಲಿಲ್ಲ. ಅಮಲ್ಜಾರಿ ಅರ್ಜಿಯನ್ನು ಹಾಕಿದೆವು. ನೋಟೀಸು ಹೋಯಿತು, ಉತ್ತರವಿಲ್ಲ. ಕಡೆಗೆ ಜಪ್ತಿಯ ವಾರಂಟು ಹೊರಟಿತು. ಕರ್ನಾಟಕದಲ್ಲಿ ಪತ್ರಿಕೆ ಓದುವವರಿಗೆ, ಪರಿಹಾರ ಕೊಡದ್ದಕ್ಕಾಗಿ ಸರ್ಕಾರಿ ಬಸ್ಸನ್ನು ಜಪ್ತಿಮಾಡಿದರೆಂಬ ಸುದ್ದಿ ಹೊಸದಲ್ಲ. ಆದರೆ ಅದನ್ನು ಎದುರಿಗೆ ನಿಂತು ನೋಡುವ ಭಾಗ್ಯವು ಎಲ್ಲರಿಗೂ ಲಭಿಸುವುದಿಲ್ಲ. ಕೋರ್ಟಿನ ಅಮೀನನು ಬಸ್ ನಿಲ್ದಾಣಕ್ಕೆ ಬಂದು, ಹೊರಡಲು ಸಿದ್ಧವಾಗಿ ಗುಡುಗುಟ್ಟುತ್ತಿದ್ದ ಬಸ್ಸೊಂದರ ಮುಂದೆ ನಿಂತು ವಾರಂಟನ್ನು ಓದಿದನು. ಚಾಲಕನು ಕೆಳಗಿಳಿದು ಬೀಡಿ ಹಚ್ಚಿದನು, ಇದೇನೂ ತನಗೆ ಮೊದಲನೆಯದಲ್ಲವೆಂಬಂತೆ. ಒಳಗಿದ್ದ ಪ್ರಯಾಣಿಕರು ಮಕ್ಕಳು, ಮೂಟೆ, ಕೋಳಿಗಳ ಸಮೇತ ಇಳಿಯಬೇಕಾಯಿತು. 'ಯಾವನಯ್ಯ ಕೇಸು ಹಾಕಿದೋನು? ಅವನ ಕೈ ಸೇದಿಹೋಗ' ಎಂದು ಮುದುಕಿಯೊಬ್ಬಳು ಶಪಿಸಿದಳು. ನನ್ನ ಪಕ್ಕದಲ್ಲಿದ್ದ ಆತನು, 'ಆಗ್ಲೇ ಹೋಗೈತೆ ಕಣವ್ವ' ಎಂದು ಮೆಲ್ಲಗೆ ಹೇಳಿದನು. ತಪ್ಪು ಮಾಡಿದ ಸಂಸ್ಥೆಯಿಂದ ಹಣವನ್ನು ಹೊರಡಿಸುವುದಕ್ಕೆ ಇನ್ನೊಂದು ಗುಂಪಿನ ಪ್ರಯಾಣಿಕರನ್ನೇ ಬಿಸಿಲಿನಲ್ಲಿ ನಿಲ್ಲಿಸಬೇಕಾಗುವ ಈ ಪದ್ಧತಿಯಲ್ಲಿ ಏನೋ ವಕ್ರತೆಯಿದೆಯೆಂದು ನನಗೆ ಅಂದೇ ತೋರಿತು. ಆದರೂ ಅದು ಫಲಕಾರಿಯಾದುದೆಂಬುದನ್ನು ಅಲ್ಲಗಳೆಯಲಾರೆ. ಬಾಕಿ ಹಣವು ಅದೇ ವಾರದಲ್ಲಿ ನ್ಯಾಯಾಲಯಕ್ಕೆ ಬಂದಿತು.

ತೀರ್ಪು ಬಂದಾಗಲೇ ಪರಿಹಾರವನ್ನು ಹೆಚ್ಚಿಸಬೇಕೆಂದು ಉಚ್ಚ ನ್ಯಾಯಾಲಯಕ್ಕೆ ತೊಂಬತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಆತನಿಗಿತ್ತು. ನನ್ನ ಬಾವಮೈದುನನು ಶುಲ್ಕವಿಲ್ಲದೆಯೇ ನಡೆಸುತ್ತೇನೆಂದನು. ಆತ ಒಪ್ಪಲಿಲ್ಲ. 'ಬೆಂಗಳೂರಿಗೆ ಓಡಾಡೋಕೆ ಮತ್ತೆ ಬಸ್ ಹತ್ತಬೇಕಲ್ಲ ಮೇಷ್ಟ್ರೇ' ಎಂದನು. ತಿಪಟೂರಿನಿಂದ ರೈಲಿದೆಯಲ್ಲಾ ಎಂದೆ. 'ಹೌದು, ಅದರ ಕಿಟಕಿಗೆ ಸರಳಾದ್ರೂ ಇರ್ತದೆ' ಎಂದು ನಕ್ಕನೇ ಹೊರತು ವಕಾಲತ್ತುನಾಮೆಗೆ ಹೆಬ್ಬೆಟ್ಟು ಒತ್ತಲಿಲ್ಲ. ವರ್ಷಗಟ್ಟಲೆ ಕಾದು ದಣಿದವನನ್ನು ಇನ್ನೂ ಕಾಯೆಂದು ಒತ್ತಾಯಪಡಿಸುವ ಅಧಿಕಾರವು ಸಂಬಳದವನಾದ ನನಗೆ ಇರಲಿಲ್ಲ.

ಅನಂತರದ ವರ್ಷಗಳಲ್ಲಿ ಕಾನೂನು ಆತನಂಥವರ ಕಡೆಗೆ ಸ್ವಲ್ಪ ಸರಿದು ಬಂದಿದೆ. ವಿಚಾರಣೆಯ ನಡುವೆಯೇ, 1994ರ ತಿದ್ದುಪಡಿಯಲ್ಲಿ ಅರ್ಜಿಯ ಕಾಲಮಿತಿಯನ್ನು ತೆಗೆದುಹಾಕಿದ್ದರು. ಹನ್ನೆರಡು ತಿಂಗಳು ಮೀರಿ ಕೆಲವೇ ದಿನ ತಡವಾಗಿ ಬಂದಿದ್ದ ಒಬ್ಬನ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಪ್ರಯೋಜನವನ್ನು ಹಳೆಯ ಅಪಘಾತಕ್ಕೂ ಕೊಟ್ಟಿತು. 2010ರ ಅಕ್ಟೋಬರಿನಲ್ಲಿ, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿಯೇ ಹಿಂದೆ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರು ಸರ್ವೋಚ್ಚ ನ್ಯಾಯಾಲಯದ ಪೀಠದಿಂದ ಬರೆದ ರಾಜ್‌ಕುಮಾರ್ ಮೊಕದ್ದಮೆಯ ತೀರ್ಪನ್ನು ಬಾವಮೈದುನನು ನನಗೆ ಕಳುಹಿಸಿಕೊಟ್ಟನು. ಅಂಗದ ಊನವೇ ಗಳಿಕೆಯ ಊನವಲ್ಲ. ಆ ಮನುಷ್ಯನು ಏನು ಕೆಲಸ ಮಾಡುತ್ತಿದ್ದನು, ಈಗ ಅದನ್ನು ಮಾಡಬಲ್ಲನೆ ಎಂಬುದನ್ನು ನೋಡಿ ತೀರ್ಮಾನಿಸತಕ್ಕದ್ದು. ಎಡಗೈಯನ್ನು ಕಳೆದುಕೊಂಡ ಗುಮಾಸ್ತನಿಗೆ ನೌಕರಿ ಹೋಗದಿರಬಹುದು, ಅದೇ ಕೈಯನ್ನು ಕಳೆದುಕೊಂಡ ಚಾಲಕನಿಗೋ ಬಡಗಿಗೋ ಗಳಿಕೆಯು ಪೂರ್ತಿಯಾಗಿಯೇ ಹೋದೀತು ಎಂಬುದು ಅದರಲ್ಲಿನ ವಿವೇಚನೆ. ಹೊಂಗೆಯ ಮರದಡಿಯಲ್ಲಿ ನಾವಿಬ್ಬರು ಬುತ್ತಿ ಬಿಚ್ಚಿಕೊಂಡು ಆಡುತ್ತಿದ್ದ ಮಾತೇ ಅದು. ಆ ತೀರ್ಪು ಬರುವ ಹೊತ್ತಿಗೆ ಆತನು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು.

ಆದರೆ ಕಾನೂನು ಮುಂದಕ್ಕೆ ಮಾತ್ರ ನಡೆಯುವುದೆಂದು ಯಾರೂ ಭಾವಿಸಬಾರದು. 2019ರ ತಿದ್ದುಪಡಿಯು, ಒಂದು ಕಡೆ ತಪ್ಪಿನ ವಿಚಾರಣೆಯಿಲ್ಲದೆ ಕೊಡತಕ್ಕ ಮೊತ್ತವನ್ನು ಸಾವಿಗೆ ಐದು ಲಕ್ಷಕ್ಕೂ ತೀವ್ರ ಗಾಯಕ್ಕೆ ಎರಡೂವರೆ ಲಕ್ಷಕ್ಕೂ ಏರಿಸಿ, ಇನ್ನೊಂದು ಕಡೆ ಆರು ತಿಂಗಳ ಕಾಲಮಿತಿಯನ್ನು ಮರಳಿ ತಂದಿದೆ. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯಲ್ಲಿ ಇದ್ದ, ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದೆಂಬ ಮಾತು ಈಗಿನ ಕಲಮಿನಲ್ಲಿ ಇಲ್ಲ. ಅದರ ಸಿಂಧುತ್ವದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ಆದರೆ ಗಾಯಗೊಂಡವನು ಅದನ್ನು ನಂಬಿಕೊಂಡು ಕುಳಿತಿರತಕ್ಕದ್ದಲ್ಲ.

ಆದುದರಿಂದ ಇದನ್ನು ಓದಿದವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಓಣಿಯಲ್ಲೋ, ಹೊಲದಲ್ಲೋ, ಅಂಗಡಿಯ ಜಗಲಿಯ ಮೇಲೋ ಬಸ್ಸಿನ ಅಪಘಾತದಲ್ಲಿ ಗಾಯಗೊಂಡವರು ಕಂಡರೆ, ಕ್ಷೇಮಸಮಾಚಾರದ ಜೊತೆಗೆ ಅರ್ಜಿ ಕೊಟ್ಟಿದ್ದಾರೆಯೇ ಎಂದೂ ಕೇಳಿ. ಪೊಲೀಸರ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ ಎಂದು ಹೇಳಿ. ಟಿಕೆಟನ್ನೂ, ಔಷಧದ ಚೀಟಿಗಳನ್ನೂ, ಆಸ್ಪತ್ರೆಯಿಂದ ಬಿಡುಗಡೆಯಾದ ಕಾಗದವನ್ನೂ ಒಂದು ಚೀಲಕ್ಕೆ ಹಾಕಿ ತೂಗುಹಾಕಲು ಹೇಳಿ. ಕೂಲಿಯವರಾದರೆ, ಕೆಲಸ ಕೊಟ್ಟವರಿಂದ ಎರಡು ಸಾಲು ಬರೆಯಿಸಿಕೊಳ್ಳಲು ಹೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೂ ಕಾನೂನು ಸೇವಾ ಸಮಿತಿಯೊಂದು ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ. ಅಪಘಾತದ ದಿನದಿಂದ ಆರು ತಿಂಗಳೊಳಗೆ ಅದು ಆಗಬೇಕು.